ಓದಿ ತೋರಿಸಿದ ಮೇಲೆ ಸಹಿ

ಖಾಲಾ ಅವರ ಬೆರಳ ತುದಿಗಳು ಸದಾ ಅಂಟಂಟು. ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ವರ್ಷಗಟ್ಟಲೆ ಕಡ್ಡಿ ತೆಗೆದು, ಹುಳುಕು ಆರಿಸಿ, ಉಗುರಿನ ಸುತ್ತಲ ಚರ್ಮ ಜೇನಿನ ಬಣ್ಣಕ್ಕೆ ತಿರುಗಿತ್ತು. ಖಾಲಾ ಎಂದರೆ ಚಿಕ್ಕಮ್ಮ. ಶೆಡ್ಡಿನ ಹೆಂಗಸರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಸಹಿ ಮಾಡುವುದನ್ನು ಕಲಿತಿದ್ದರು, ಓದಲು ಬರುತ್ತಿರಲಿಲ್ಲ. ನನ್ನ ಗೋಳು ಶುರುವಾದದ್ದೇ ಅಲ್ಲಿಂದ.

ಬಿಸಿಲು, ಅಕಾಲದ ಮಳೆ ಹೆಚ್ಚುತ್ತಿರುವಾಗ ಜಿಲ್ಲೆ ಏನು ಮಾಡಬೇಕೆಂದು ಒಂದು ಹವಾಮಾನ ಯೋಜನೆ ಸಿದ್ಧವಾಗುತ್ತಿತ್ತು. ತಿಕೋಟಾ, ಬಬಲೇಶ್ವರದ ಕಡೆ ಸಭೆ ಕರೆದು ಜನರ ಮಾತು ಬರೆದುಕೊಳ್ಳಲು ನನ್ನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ಮೊದಲ ಸಭೆಯ ದಿನ ಬಾಗಿಲಲ್ಲಿ ನಿಂತು ಖಾಲಾ ಮುಂದೆ ಹಾಜರಿ ಪುಸ್ತಕ ಹಿಡಿದೆ.

"ಏನ್ ಬರದೀಬೇ ಇದರಾಗ?"

"ಏನೂ ಇಲ್ರಿ ಖಾಲಾ, ಬರೇ ಸಹಿ. ಸಭೆ ಇನ್ನೂ ಶುರುನ ಆಗಿಲ್ಲ."

"ಶುರುನ ಆಗಿಲ್ಲಂದ್ರ ಈಗ್ಯಾಕ ಸಹಿ? ನಾವು ಹೇಳಿದ್ದು ಬರಿ, ಓದಿ ತೋರ್ಸು. ಆಮ್ಯಾಲ ಮಾಡ್ತೇವಿ."

ಹಿಂದೆ ನಿಂತಿದ್ದ ಶೆಡ್ಡಿನ ಹೆಂಗಸರೂ ಪೆನ್ನು ಮುಟ್ಟಲಿಲ್ಲ. ವೇದಿಕೆಯ ಭಾಷಣಗಳು ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು. ಹೆಂಗಸರಿಗೆ ಮಾತಾಡುವ ಸರದಿ ಬರಲೇ ಇಲ್ಲ. ಮಹಿಳೆಯರ ಪುಟ ಖಾಲಿ ಉಳಿದದ್ದಕ್ಕೆ ಕಚೇರಿಯಲ್ಲಿ ಬೈಸಿಕೊಂಡವಳು ನಾನು.

"ಕೆಲಸದ ಹೊತ್ತಿನಾಗ ಸಭಾ ಇಟ್ರ ಹೆಂಗ್ ಬರೂದು? ನೀನ ಶೆಡ್ಡಿಗೆ ಬಾ" ಎಂದು ಖಾಲಾ ಅಪ್ಪಣೆ ಮಾಡಿದರು. ಹೋದೆ. ಊಟದ ಬಿಡುವಿನಲ್ಲಿ ತಗಡಿನ ಕೆಳಗೆ ಕೂತೆವು. ಹತ್ತೇ ನಿಮಿಷದಲ್ಲಿ ನನ್ನ ಬೆನ್ನೆಲ್ಲ ತೊಯ್ದಿತು. ಒಬ್ಬಾಕೆ ಹೋದ ಬೇಸಿಗೆಯಲ್ಲಿ ಕೆಲಸ ಮಾಡುತ್ತಲೇ ಕುಸಿದದ್ದನ್ನು, ದವಾಖಾನೆಯಲ್ಲಿ ಕಣ್ಣು ಬಿಟ್ಟದ್ದನ್ನು ಹೇಳಿದಳು. ನಾನು 'ಅಧಿಕ ಉಷ್ಣಾಂಶದಿಂದ ಕಾರ್ಮಿಕರ ಆರೋಗ್ಯದ ಮೇಲೆ ಪರಿಣಾಮ' ಎಂದು ಬರೆದು ಓದಿದೆ.

"ಹಿಂಗಂತ ಯಾರಂದ್ರಬೇ? ತಗಡಿನ ಕೆಳಗ ತಲಿ ತಿರಗಿ ಬೀಳ್ತೇವಿ ಅಂದ್ಲಾಕಿ. ಹಂಗ ಬರಿ."

ನಾಲ್ಕು ಸಲ ಹೊಡೆದುಹಾಕಿಸಿ ಮತ್ತೆ ಬರೆಸಿದರು. ಅಷ್ಟರಲ್ಲಿ ವಿಜಯಪುರದ ಬಸ್ಸು ಹೋಯಿತು. ಈ ಹೆಂಗಸಿನ ಕಾಟ ಯಾರಿಗೂ ಬೇಡ ಎಂದುಕೊಂಡೆ. ಕೊನೆಗೆ ಕಾಗದದಲ್ಲಿ ಉಳಿದದ್ದು ಇಷ್ಟು: ಬೇಸಿಗೆಯಲ್ಲಿ ನಸುಕಿಗೇ ಕೆಲಸ ಶುರುವಾಗಲಿ, ಹನ್ನೆರಡರಿಂದ ಮೂರರವರೆಗೆ ನಿಲ್ಲಲಿ, ಕೂರಲು ನೆರಳು, ಕುಡಿಯಲು ನೀರು ಇರಲಿ. ಓದಿ ತೋರಿಸಿದ ಮೇಲೆ ಒಬ್ಬೊಬ್ಬರಾಗಿ ಸಹಿ ಮಾಡಿದರು.

ಮಳೆಗಾಲದಲ್ಲಿ ವಿಜಯಪುರದಲ್ಲಿ ದೊಡ್ಡ ಸಭೆ ಸೇರಿತು. ಯೋಜನೆಯ ಕರಡು ಹಂಚಿದರು. ಖಾಲಾ ಪಕ್ಕದವರಿಂದ ಒಂದೊಂದೇ ಪುಟ ಓದಿಸಿಕೊಂಡರು. ಸಸಿ ನೆಡುವುದಿತ್ತು, ಸೌರದೀಪವಿತ್ತು. ಶೆಡ್ಡಿನ ಮುಂದೆ ಖಾಲಾ ನಿಂತ ಫೋಟೋ ಇತ್ತು, ಕೆಳಗೆ 'ಜನರ ಸಹಭಾಗಿತ್ವ' ಎಂದಿತ್ತು. ಅವರ ಮಾತು ಮಾತ್ರ ಎಲ್ಲೂ ಇರಲಿಲ್ಲ. ಅದು ಸಣ್ಣ ವಿಷಯವೆಂದು ಮೇಲಿನವರು ತೆಗೆದುಹಾಕಿದ್ದು ನನಗೆ ಗೊತ್ತಿತ್ತು. ಖಾಲಾಗೆ ಹೇಳುವ ಧೈರ್ಯ ಮಾಡಿರಲಿಲ್ಲ.

ಅವರು ಎದ್ದು ನಿಂತರು. "ಸಾಹೇಬ್ರ, ನನ್ನ ಮಾರಿ ಛಾಪಿಸೀರಿ. ನಾವು ಹೇಳಿದ್ದೆಲ್ಲೈತಿ?"

"ಎಲ್ಲಾ ಗಮನಕ್ಕೆ ತಗೊಂಡಿದ್ದೀವಮ್ಮ, ಕೂತ್ಕೊಳ್ಳಿ" ಎಂದರು ಅಧಿಕಾರಿ.

"ಹಂಗಾರ ಓದ್ರಿ. ಕೇಳಿ ಕೂಡ್ತೇನಿ."

ಅಧಿಕಾರಿ ಕರಡಿನ ಪುಟ ಹಿಂದೆ ಮುಂದೆ ತಿರುವಿದರು. ಖಾಲಾ ನನ್ನತ್ತ ತಿರುಗಿ, "ನೀ ಬರಕೊಂಡಿದ್ದೆಲ್ಲಿ ಹೋತು ತಂಗಿ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಗುತ್ತಿಗೆ ಮುಂದುವರಿಸುವುದು ಅದೇ ಅಧಿಕಾರಿಯ ಕೈಯಲ್ಲಿತ್ತು. ಮನಸ್ಸಿನಲ್ಲೇ ಖಾಲಾಗೆ ಶಾಪ ಹಾಕುತ್ತ ಎದ್ದೆ. ಚೀಲದಿಂದ ನೋಟ್‌ಬುಕ್ಕು ತೆಗೆದು ಎಲ್ಲವನ್ನೂ ಓದಿದೆ. 'ತಲಿ ತಿರಗಿ ಬೀಳ್ತೇವಿ' ಎಂಬುದನ್ನೂ ಬಿಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಶೆಡ್ಡಿನ ಮಾಲೀಕರು ತಲೆ ಎತ್ತಲಿಲ್ಲ. ಜೈನಾಪುರದ ರೈತರೊಬ್ಬರು ಎದ್ದು, "ನಮ್ಮ ಹೊಲದಾಗ ದುಡಿಯೋರ್ದೂ ಇದ ಹಣೇಬಾರ. ಅದನ್ನ ಸೇರಸ್ರಿ ಮೊದಲ" ಎಂದರು. ಸೇರಿಸಿದರು. ಬರುವ ಬೇಸಿಗೆಯಿಂದ ಹಾಗೇ ಮಾಡುವುದಾಗಿ ಶೆಡ್ಡಿನ ಮಾಲೀಕರೂ ಎಲ್ಲರೆದುರು ಮಾತು ಕೊಟ್ಟರು.

ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಸುದ್ದಿ ಹೇಳಿದಾಗ ಖಾಲಾ, "ಓದಾಕ ಬರತೈತಿ ನಿನಗ, ಬ್ಯಾರೆ ಕೆಲಸ ಸಿಗತೈತಿ" ಎಂದರು, ಅಷ್ಟೇ. ಒಂದು ಕನಿಕರದ ಮಾತಿಲ್ಲ. ಉರಿಯುತ್ತಲೇ ಬಸ್ಸು ಹತ್ತಿದೆ. ಕೆಲಸವೇನೋ ಸಿಕ್ಕಿತು, ಅವರ ಮಾತೇ ನಿಜವಾಯಿತಲ್ಲ ಎಂದು ಅದಕ್ಕೂ ಸಿಟ್ಟು ಬಂತು.

ಆ ಚಳಿಗಾಲದಲ್ಲಿ ಖಾಲಾ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಬೇಸಿಗೆ ಬಂದಾಗ ಶೆಡ್ಡಿಗೆ ಹೋಗಿ ನೋಡಿದೆ. ಮಾಲೀಕರು ಮಾತು ಉಳಿಸಿಕೊಂಡಿದ್ದರು. ಹನ್ನೆರಡಕ್ಕೆ ಕೆಲಸ ನಿಂತಿತು. ಹೊಸ ಚಪ್ಪರದ ಕೆಳಗೆ ಹೆಂಗಸರು ಸೆರಗು ಹಾಸಿ ಮಲಗಿದ್ದರು. ಹಿಂದೆ ಕೆಲಸದಲ್ಲೇ ಕುಸಿದಿದ್ದಾಕೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನಮ್ಮೆಲ್ಲರನ್ನೂ ಇಷ್ಟು ಕಾಡಿದ ಹೆಂಗಸು ಈ ನಿದ್ದೆಯನ್ನು ಒಂದು ಮಧ್ಯಾಹ್ನವಾದರೂ ನೋಡಿ ಹೋಗಬಾರದಿತ್ತೇ? ಕೇಳೋಣವೆಂದರೆ ಅವರಿಲ್ಲ. ಯಾರಿಗೂ ಎಚ್ಚರವಾಗದಂತೆ ಮೆಲ್ಲಗೆ ಹೊರಗೆ ಬಂದೆ.