ಯಾವ ಪಟ್ಟಿಯಲ್ಲೂ ಇಲ್ಲದ ನೂರಹತ್ತು ಕಿಲೋ

ಮಣಿಪುರದ ಕಣಿವೆಯಲ್ಲಿ ಭಾರ ಎತ್ತುವ ಹೆಣ್ಣುಮಕ್ಕಳಿಗೆ ಇಂದು ಬರವಿಲ್ಲ. ಇಂಫಾಲದಿಂದ ಮೊಯಿರಾಂಗ್‌ವರೆಗೆ ಯಾವ ಕೇರಿಗೆ ಹೋದರೂ ಯಾವುದೋ ತಗಡಿನ ಮಾಡಿನ ಕೆಳಗೆ ಕಬ್ಬಿಣ ನೆಲಕ್ಕೆ ಬೀಳುವ ಸದ್ದು ಕೇಳುತ್ತದೆ. ಆದರೆ ಹೆಣ್ಣು ಭಾರ ಎತ್ತಿದರೆ ಬಸಿರು ನಿಲ್ಲುವುದಿಲ್ಲ ಎಂದು ಹಿರಿಯರು ಹೆದರಿಸುತ್ತಿದ್ದ ಕಾಲದಲ್ಲಿ ನಂಬೋಲ್‌ನ ನಮ್ಮ ಕ್ಲಬ್ಬಿನ ಹೊಸ್ತಿಲು ದಾಟಿದ ಮೊದಲ ಹುಡುಗಿ ಒಬ್ಬರೇ. ಏಳು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿ, ಏಷ್ಯಾ ಮಟ್ಟದಲ್ಲಿ ಎರಡು ಕಂಚು ತಂದು, ಆಮೇಲೆ ಇಪ್ಪತ್ತಾರು ವರ್ಷ ತರಬೇತುದಾರರಾಗಿ ದುಡಿದು, ಈ ತಿಂಗಳು ಅರವತ್ತು ತುಂಬಿ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಲೈಶಾಂಗ್ಬಮ್ ತಂಫಾ ದೇವಿಯವರು ಅವರು. ಗುರುವನ್ನು ಓಜಾ ಎನ್ನುವ ನಮಗೆ ಅವರು ಓಜಾ ತಂಫಾ.

ಅವರ ಪದಕಗಳ ಪಟ್ಟಿ ಈ ಅಭಿನಂದನ ಸಂಪುಟದ ಕೊನೆಯ ಪುಟಗಳಲ್ಲಿದೆ. ಸಮಿತಿಯವರು ಕಷ್ಟಪಟ್ಟು ಮಾಡಿದ್ದಾರೆ, ತಪ್ಪಿಲ್ಲ. ಆದರೆ ಓಜಾ ತಮ್ಮ ಜೀವಮಾನದಲ್ಲಿ ಎತ್ತಿದ ಅತಿ ದೊಡ್ಡ ಭಾರ ಆ ಪಟ್ಟಿಯಲ್ಲಿಲ್ಲ. ಅದರ ಬದಲಿಗೆ ನಮ್ಮ ರಾಜ್ಯದ ಹಳೆಯ ಆಟಗಾರರ ನಡುವೆ ಒಂದು ಮಾತು ಇಪ್ಪತ್ತೆಂಟು ವರ್ಷಗಳಿಂದ ಓಡಾಡುತ್ತಿದೆ: ತಾನು ಗೆಲ್ಲಲಿಕ್ಕೆ ಉಳಿದವರಿಗೆ ಭಾರದ ರಾಡು ಇಡಿಸಿದವಳು ಈ ತಂಫಾ ಎಂದು. ಅಭಿನಂದನೆಯ ಪುಸ್ತಕದಲ್ಲಿ ಇಂಥದ್ದನ್ನು ಎತ್ತಬಾರದು ಎಂದು ಇಬ್ಬರು ನನಗೆ ಬುದ್ಧಿ ಹೇಳಿದರು. ಮುಖಕ್ಕೆ ಹತ್ತಿದ ಮಸಿ ಒರೆಸದೆ ಕೊರಳಿಗೆ ಹಾರ ಹಾಕುವುದು ನನಗೆ ಬರುವುದಿಲ್ಲ. ಆ ರಾಡು ತಂದು ಇಟ್ಟವಳು ನಾನು.

ಮೊದಲಿನಿಂದ ಹೇಳುತ್ತೇನೆ.

ಓಜಾ ಅವರ ತಂದೆ ಲೋಕ್ತಾಕ್ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದರು, ತಾಯಿ ನಂಬೋಲ್ ಪೇಟೆಯಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಅದನ್ನು ಮಾರುತ್ತಿದ್ದರು. ನೀರು ಸೋರುವ ಬುಟ್ಟಿಯನ್ನು ತಲೆಯ ಮೇಲಿಟ್ಟು ದಿನವೂ ಪೇಟೆಗೆ ತರುವ ಕೆಲಸ ಈ ಮಗಳದು. ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆ ಕ್ಲಬ್ಬಿಗೆ ಬಂದು ತಾನೂ ಎತ್ತುತ್ತೇನೆಂದಾಗ ಗಂಡುಹುಡುಗರು ನಕ್ಕರಂತೆ. ನಕ್ಕವರ ಪೈಕಿ ಮೂವರು ಎತ್ತಲಾರದ್ದನ್ನು ಓಜಾ ಎತ್ತಿಟ್ಟು, ಬುಟ್ಟಿ ತಲೆಗೇರಿಸಿಕೊಂಡು ಪೇಟೆಗೆ ನಡೆದರಂತೆ. ಇದು ಅವರು ಹೇಳಿದ್ದಲ್ಲ, ನಕ್ಕವರಲ್ಲಿ ಒಬ್ಬರು ಹೇಳಿದ್ದು.

ನಮ್ಮ ಕ್ಲಬ್ಬಿನಲ್ಲಿದ್ದದ್ದು ಭಾರದ ಪ್ಲೇಟುಗಳನ್ನು ಸಿಕ್ಕಿಸುವ ಒಂದೇ ರಾಡು, ಗಂಡಸರದು, ಇಪ್ಪತ್ತು ಕಿಲೋ ತೂಕದ್ದು. ಅದರ ಬಣ್ಣದ ಗುರುತುಗಳೆಲ್ಲ ಸವೆದು ಹೋಗಿದ್ದವು. ಎಡಗೈ ಹಿಡಿಯುವ ಜಾಗದಲ್ಲಿ ಒಂದು ಕಚ್ಚು ಇತ್ತು, ಹೆಬ್ಬೆರಳಿನ ಕೆಳಗೆ ಬರುವಂತೆ. ಓಜಾ ಅದರಲ್ಲೇ ಕಲಿತು ರಾಷ್ಟ್ರಕ್ಕೆ ಮೊದಲಿಗರಾದರು. ತಾವು ಸ್ಪರ್ಧಿಸುತ್ತಿದ್ದಾಗಲೇ ನಮಗೂ ಅದರಲ್ಲೇ ಕಲಿಸಿದರು.

ಕಲಿಸುವ ರೀತಿಯೂ ಅವರದೇ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ನಮ್ಮ ಹೆಸರುಗಳ ಮುಂದೆ ಹಸಿರು ಪೆನ್ಸಿಲ್ಲಿನ ಚುಕ್ಕೆಗಳಿರುತ್ತಿದ್ದವು. ಅವು ಏನೆಂದು ಗಂಡಸರಿಗೆ ತಿಳಿಯುತ್ತಿರಲಿಲ್ಲ. ನಮ್ಮ ತಿಂಗಳ ದಿನಗಳನ್ನು ಹಾಗೆ ಗುರುತಿಟ್ಟುಕೊಂಡು, ನಾವು ಬಾಯಿ ಬಿಡುವ ಮೊದಲೇ ಅಂದು ಭಾರ ಇಳಿಸಿ, ಬಿಸಿ ಗಂಜಿ ತರಿಸುತ್ತಿದ್ದರು. ನಾಟಿಯ ಹೊತ್ತಿನಲ್ಲಿ ನನ್ನ ತಂದೆ ನನ್ನನ್ನು ಕ್ಲಬ್ಬಿನಿಂದ ಬಿಡಿಸಿದಾಗ ಅವರು ವಾದಕ್ಕೆ ಬರಲಿಲ್ಲ. ಫನೆಕ್ಕನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಮ್ಮ ಗದ್ದೆಗೆ ಇಳಿದರು. ರಾಷ್ಟ್ರೀಯ ಚಾಂಪಿಯನ್ ಎರಡು ದಿನ ನಮ್ಮ ಕೆಸರಿನಲ್ಲಿ ಸಸಿ ನೆಟ್ಟರು. ಮೂರನೆಯ ದಿನ ತಂದೆ ನಾಚಿಕೆಯಿಂದ, "ಕರ್ಕೊಂಡು ಹೋಗಮ್ಮ, ಊರವರು ನನ್ನ ಉಗೀತಿದಾರೆ" ಎಂದರು.

ಇನ್ನು ಆ ದಿನದ ಮಾತು. ಹೆಂಗಸರಿಗೆಂದು ಹದಿನೈದು ಕಿಲೋದ ತೆಳು ರಾಡು ಹೊಸದಾಗಿ ಬಂದ ವರ್ಷ ಅದು. ಇಂಫಾಲದಲ್ಲಿ ಆಯ್ಕೆಯ ಪಂದ್ಯ. ಗೆದ್ದವರು ಒಬ್ಬರೇ ಏಷ್ಯಾ ಕೂಟಕ್ಕೆ. ಓಜಾ ಅವರಿಗೆ ಮೂವತ್ತೆರಡು, ಇನ್ನೊಂದು ಅವಕಾಶ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಎದುರಾಳಿ ಕಾಕ್ಚಿಂಗ್‌ನ ಅಕೊಯ್ಜಮ್ ಬಿಲಾಸಿನಿ. ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ ಇಬ್ಬರೂ ಸಮಸಮ. ನನಗೆ ಹದಿನೇಳು. ಬೆಳಿಗ್ಗೆ ಕಿರಿಯರ ವಿಭಾಗದಲ್ಲಿ ಎತ್ತಿ, ಮಧ್ಯಾಹ್ನ ಉಳಿದ ಕಿರಿಯರಂತೆ ಪ್ಲೇಟು ಹಾಕುವ ಕೆಲಸಕ್ಕೆ ನಿಂತಿದ್ದೆ. ಕ್ರೀಡಾ ವಸತಿನಿಲಯದಲ್ಲಿ ನನಗೆ ಜಾಗ ಸಿಕ್ಕು ಹತ್ತು ದಿನವಾಗಿತ್ತು.

ಮೊದಲು ಎದೆಗೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್ ಶುರುವಾಗುವ ಮುನ್ನ ಹೊಸ ರಾಡಿನ ತುದಿ ಸಿಕ್ಕಿಕೊಂಡು ತಿರುಗದಾಯಿತು. ಒಳಗಿನಿಂದ ಇನ್ನೊಂದನ್ನು ತಾ ಎಂದು ಯಾರೋ ನನಗೆ ಕೂಗಿದರು. ಒಳಗೆ ಗೋಡೆಗೆ ಎರಡು ಒರಗಿದ್ದವು. ಮೈ ಕಾಯಿಸಿಕೊಳ್ಳಲೆಂದು ನಾವು ತಂದಿದ್ದ ನಮ್ಮ ಕ್ಲಬ್ಬಿನ ರಾಡನ್ನೇ ನನ್ನ ಕೈ ಹಿಡಿಯಿತು. ರಾಡು ಎಂದರೆ ನನಗೆ ಅದೇ. ಎತ್ತುವವರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಎಲ್ಲರೂ ವರ್ಷಗಟ್ಟಲೆ ದಪ್ಪ ರಾಡಿನಲ್ಲೇ ಬೆಳೆದವರು. ತೆಳುವಾದದ್ದೇ ಅವರಿಗೆ ನೆಂಟ, ದಪ್ಪದ್ದು ಮನೆಯವನು. ರಾಡಿನ ತೂಕವೂ ಭಾರದ ಲೆಕ್ಕಕ್ಕೆ ಸೇರುವುದರಿಂದ, ಕೂಗಿ ಹೇಳಿದ್ದಕ್ಕಿಂತ ಐದು ಕಿಲೋ ಹೆಚ್ಚು ಭಾರ ಪ್ರತಿಯೊಬ್ಬಳ ಕೈಗೂ ಬಂತು. ಒಬ್ಬೊಬ್ಬಳೇ ಸೋತಳು. ನೂರು ಕಿಲೋವನ್ನು ಎಂದೂ ತಪ್ಪದ ಬಿಲಾಸಿನಿ ಮೂರು ಬಾರಿಯೂ ಬೀಳಿಸಿ, ಮೂಲೆಯಲ್ಲಿ ಕೂತು ಹೆಬ್ಬೆರಳಿನ ಪಟ್ಟಿ ಬಿಚ್ಚುತ್ತ ಅತ್ತರು.

ಕೊನೆಗೆ ಓಜಾ ಬಂದರು. ಕೂಗಿದ್ದು ನೂರೈದು. ಬಾಗಿ ರಾಡು ಹಿಡಿದರು. ಹಿಡಿದವರು ತಲೆ ಎತ್ತಿ ನೋಡಿದರು, ನನ್ನನ್ನು. ಹೆಬ್ಬೆರಳಿನ ಕೆಳಗೆ ಆ ಕಚ್ಚು ಸಿಕ್ಕಿತ್ತು. ಅದು ಎಲ್ಲಿಯ ರಾಡು, ಎಷ್ಟು ತೂಕ, ತಂದವರು ಯಾರು, ಮೂರೂ ಅವರಿಗೆ ಒಂದೇ ಸಲ ತಿಳಿದವು. ಸುಮ್ಮನೆ ಎತ್ತಿದರೆ ಅವರೇ ಗೆದ್ದಂತೆ. ಅವರಲ್ಲದೆ ಆ ಗುಟ್ಟು ಯಾರಿಗೂ ಗೊತ್ತಿಲ್ಲ. ಒಂದು ನಿಮಿಷದ ಗಡಿಯಾರ ಓಡುತ್ತಿತ್ತು. ಅವರು ಎತ್ತಿದರು. ಎದೆಗೆ ತಂದು, ಎದ್ದು ನಿಂತು, ತಲೆಯ ಮೇಲೆ ತೋಳು ನೆಟ್ಟಗೆ ಮಾಡಿದರು. ಎತ್ತಿದ್ದು ಸರಿ ಎನ್ನುವ ಮೂರು ಬಿಳಿ ದೀಪಗಳು ಹತ್ತಿದವು. ಜನ ಎದ್ದು ಕೂಗುತ್ತಿರುವಾಗಲೇ ಅವರು ರಾಡು ಇಳಿಸಿ ತೀರ್ಪುಗಾರರ ಮೇಜಿಗೆ ನಡೆದು, "ರಾಡು ತೂಗಿ ನೋಡಿ ಸಾರ್. ಇದು ಗಂಡಸರದು" ಎಂದರು.

ಸ್ಪರ್ಧಿಗಳ ಮೈತೂಕ ನೋಡುವ ಯಂತ್ರದ ಮೇಲೆಯೇ ರಾಡು ನಿಲ್ಲಿಸಿದರು. ಇಪ್ಪತ್ತು ಸೊನ್ನೆ ಸೊನ್ನೆ. ಅಲ್ಲಿಗೆ ಅವರು ಎತ್ತಿದ್ದು ನೂರಹತ್ತು. ಆ ತೂಕದ ವಿಭಾಗದಲ್ಲಿ ದೇಶದ ಯಾವ ಹೆಂಗಸೂ ಅಲ್ಲಿಯವರೆಗೆ ಎತ್ತದಿದ್ದದ್ದು. ಆದರೆ ರಾಡು ನಿಯಮದ್ದಲ್ಲವಾದ್ದರಿಂದ ಅದು ಲೆಕ್ಕಕ್ಕಿಲ್ಲ, ಎಲ್ಲರೂ ಮೊದಲಿನಿಂದ ಎತ್ತಬೇಕು.

ಅಧಿಕಾರಿಯೊಬ್ಬರು ಕೆಂಡವಾಗಿ ಬಂದು ಯಾರು ತಂದದ್ದೆಂದು ಕೇಳಿದರು. ಓಜಾ ನನ್ನ ಮುಂದೆ ಬಂದು ನಿಂತರು.

"ನಮ್ಮ ಕ್ಲಬ್ಬಿಂದು. ನಾನೇ ತರಿಸಿದ್ದು. ಕೇಳೋದಿದ್ರೆ ನನ್ನ ಕೇಳಿ."

ಆ ಮಾತೇ ಅವರಿಗೆ ಮುಳುವಾಯಿತು. ಮರುಪಂದ್ಯದಲ್ಲಿ, ಆಗಲೇ ನೂರಹತ್ತು ಎತ್ತಿದ್ದ ಅವರ ತೋಳುಗಳಲ್ಲಿ ಕಸುವಿರಲಿಲ್ಲ. ನೂರಕ್ಕೆ ನಿಂತರು. ಬಿಲಾಸಿನಿ ನೂರ ಎರಡೂವರೆ ಎತ್ತಿ ಏಷ್ಯಾ ಕೂಟಕ್ಕೆ ಹೋದರು. ಓಜಾ ಅವರಿಗೆ ಎಚ್ಚರಿಕೆಯ ಪತ್ರ ಬಂತು, ಮುಂದಿನ ಶಿಬಿರದಿಂದ ಹೆಸರು ಹೋಯಿತು. ತನಗೆ ರೂಢಿಯಾದ ರಾಡನ್ನು ಬೇಕೆಂದೇ ಇಡಿಸಿ, ಆಮೇಲೆ ಹೆದರಿ ಒಪ್ಪಿಕೊಂಡಳು ಎಂಬ ಮಾತು ಹುಟ್ಟಿತು.

ಅಂದು ವಾಪಸು ಬರುವ ಬಸ್ಸಿನಲ್ಲಿ ನಾನು ಎಲ್ಲವನ್ನೂ ಹೇಳಿಬಿಡುತ್ತೇನೆಂದು ಅತ್ತೆ. ಅವರು ತಮ್ಮ ಇನ್ನಫಿಯ ಸೆರಗಿನಿಂದ ನನ್ನ ಮೂಗು ಒರೆಸಿದರು.

"ಬಾಯಿ ಮುಚ್ಕೊಂಡು ಕೂತ್ಕೊ ಮೇಮ್ಚಾ. ನಾನು ಎತ್ತೋದು ಇನ್ನೊಂದೆರಡು ವರ್ಷ. ನಿಂದು ಇನ್ನೂ ಶುರುನೇ ಆಗಿಲ್ಲ. ಇನ್ನೊಂದು ರಾಡು ತೋರಿಸ್ದೆ ಕಲಿಸಿದ್ದು ನಾನು. ತಪ್ಪು ನಿಂದು ಹೆಂಗಾಗತ್ತೆ?"

ಪೇಟೆಯಲ್ಲಿ ಪಕ್ಕದ ಹೆಂಗಸರು ಅವರ ತಾಯಿಯನ್ನು ಕೆಣಕಿದರು, ಮಗಳು ಗೆದ್ದದ್ದನ್ನು ಕೈಯಾರೆ ಚೆಲ್ಲಿ ಬಂದಳಂತಲ್ಲ ಎಂದು. ಮುದುಕಿ ಮೀನಿನ ಮೇಲಿನ ನೊಣ ಓಡಿಸುತ್ತ, "ತಕ್ಕಡಿ ಸರಿ ಇಲ್ದಿದ್ರೆ ಮತ್ತೆ ತೂಗಬೇಕು. ನೀವು ತೂಗಲ್ವಾ? ಹಂಗಾದ್ರೆ ನಿಮ್ಮ ಹತ್ರ ಮೀನು ತಗೊಳ್ಳೋರಿಗೆ ಹೇಳ್ತೀನಿ" ಎಂದರು. ಆಮೇಲೆ ಆ ಸಾಲಿನಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಕೂಟದಲ್ಲಿ ಆರನೆಯವರಾಗಿ ಮರಳಿದ ಬಿಲಾಸಿನಿಯವರು ನೇರ ನಂಬೋಲ್‌ಗೆ ಬಂದರು. ಓಜಾ ಒಲೆಯ ಮುಂದೆ ಎರೊಂಬಾಕ್ಕೆ ಗೆಡ್ಡೆ ಜಜ್ಜುತ್ತಿದ್ದರು, ನಾನು ಮೆಣಸಿನಕಾಯಿ ಸುಡುತ್ತಿದ್ದೆ.

"ಅಲ್ವೇ, ಹಿಡಿದ ತಕ್ಷಣ ಗೊತ್ತಾಯ್ತು ಅಂತೀಯ. ಎತ್ತದೇನೇ ಹೇಳಬಹುದಿತ್ತಲ್ಲ? ಶಕ್ತಿನಾದ್ರೂ ಉಳೀತಿತ್ತು" ಎಂದರು ಬಿಲಾಸಿನಿ.

"ಎತ್ತದೆ ಹೇಳಿದ್ರೆ ಭಾರಕ್ಕೆ ಹೆದರಿ ನೆಪ ತೆಗೀತಿದಾಳೆ ಅಂತಿದ್ರು. ನೀನೇ ಮೊದಲು ಅಂತಿದ್ದೆ."

ಬಿಲಾಸಿನಿ "ಹೌದು, ಅಂತಿದ್ದೆ" ಎಂದು ಒಪ್ಪಿಕೊಂಡರು. ನಿಜವಾಗಿ ರಾಡು ತಂದದ್ದು ಯಾರೆಂದು ಆಮೇಲೆ ಕೇಳಿದರು. ಓಜಾ ನನ್ನ ಕಡೆ ಕಣ್ಣು ಕೂಡ ತಿರುಗಿಸಲಿಲ್ಲ. "ನೂರು ಎತ್ತೋಕಾಗ್ದೆ ಅಳ್ತಾ ಕೂತಿದ್ದವಳು ಈಗ ನನ್ನ ವಿಚಾರಣೆ ಮಾಡೋಕೆ ಬಂದಿದೀಯಾ? ಊಟಕ್ಕೆ ಕೂತ್ಕೊ" ಎಂದರು. ನಾನು ಮೆಣಸಿನಕಾಯಿಯ ಹೊಗೆಗೆ ಕೆಮ್ಮುವವಳಂತೆ ಹೊರಗೆ ಹೋದೆ. ನಾನು ವಸತಿನಿಲಯದಲ್ಲಿ ಉಳಿದೆ, ಎತ್ತಿದೆ, ಗೆದ್ದೆ, ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದೆ. ಊರಿನವರೊಂದಿಗೆ ನೂರು ಜಗಳ ಆಡಿದ್ದೇನೆ. ಈ ಒಂದು ಮಾತು ಆಡಲು ಮಾತ್ರ ನನ್ನ ನಾಲಿಗೆ ಏಳಲಿಲ್ಲ.

ಓಜಾ ತರಬೇತುದಾರರಾದ ಮೇಲೆ ಕ್ಲಬ್ಬಿನಲ್ಲಿ ಒಂದು ಪದ್ಧತಿ ತಂದರು. ಹೊಸದಾಗಿ ಬಂದ ಯಾವ ಮಗುವೂ ಮೊದಲ ವಾರ ಭಾರ ಎತ್ತುವಂತಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಎರಡು ರಾಡು ಮುಟ್ಟಿಸುತ್ತಾರೆ, ಹೊಸ ತೆಳುವಾದದ್ದು, ಆ ಕಚ್ಚಿನ ಹಳೆಯದು. ಯಾವುದು ಯಾವುದೆಂದು ಹತ್ತು ಬಾರಿ ತಪ್ಪದೆ ಹೇಳಿದ ಮೇಲೆಯೇ ಮುಂದಿನ ಪಾಠ. ಈ ಆಟ ಆಡಿ ಬೆಳೆದ ಮುನ್ನೂರಕ್ಕೂ ಹೆಚ್ಚು ಹುಡುಗಿಯರಲ್ಲಿ ಒಬ್ಬಳಿಗೂ ಇದು ಯಾಕೆ ಶುರುವಾಯಿತೆಂದು ಅವರು ಹೇಳಿಲ್ಲ. ಅವರಲ್ಲಿ ನನ್ನ ಮಗಳೂ ಒಬ್ಬಳು. ಹೋದ ವರ್ಷ ಮನೆಗೆ ಬಂದು, "ಅಮ್ಮಾ, ಇದೆಂಥ ಪೆದ್ದು ಪಾಠ? ರಾಡು ಗೊತ್ತಾಗದೆ ಇರೋಷ್ಟು ದಡ್ಡರು ಯಾರಿರ್ತಾರೆ?" ಎಂದು ನಕ್ಕಳು. ಅಂದೇ ನಾನು ಈ ಲೇಖನ ಬರೆಯಬೇಕೆಂದು ನಿಶ್ಚಯಿಸಿದೆ.

ಇದನ್ನು ಓದಿ ಓಜಾ ಸಿಟ್ಟಾಗುತ್ತಾರೆ, ಗೊತ್ತು. ಆಗಲಿ. ಸಮಿತಿಯವರಲ್ಲಿ ನನ್ನದೊಂದೇ ಕೋರಿಕೆ: ಕೊನೆಯ ಪುಟದ ಪಟ್ಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿ. ಅದು ಪದಕ ತಂದಿಲ್ಲ, ನಿಯಮಕ್ಕೂ ಸೇರುವುದಿಲ್ಲ. ಆದರೆ ತೂಗಿ ನೋಡಿದ್ದು.

ನಿವೃತ್ತಿಯ ನಂತರವೂ ಬೆಳಿಗ್ಗೆ ಐದಕ್ಕೆ ಕ್ಲಬ್ಬಿನ ಬೀಗ ತೆಗೆಯುವವರು ತಾವೇ ಎಂದು ಓಜಾ ಈಗಾಗಲೇ ಹೇಳಿದ್ದಾರೆ. ತೆಗೆಯಲಿ. ಇಂಥ ಪುಸ್ತಕಗಳಲ್ಲಿ ನೂರು ವರ್ಷ ಬಾಳಲೆಂದು ಹಾರೈಸುವುದು ವಾಡಿಕೆ. ನಮ್ಮ ಓಜಾ ಅವರಿಗೆ ದೇವರು ನೂರಹತ್ತು ಕೊಡಲಿ, ಈ ಸಲ ಅದು ಲೆಕ್ಕಕ್ಕೂ ಸೇರಲಿ.

ಸೊರೊಖೈಬಮ್ ಮೇಮ್ಚಾ, ನಂಬೋಲ್