ಹುಂಜ ಬಿಟ್ಟುಹೋದ ಖಾಲಿ ಜಾಗ

ಬೆಳಗಿನ ಮೊದಲ ರೈಲು ಚಿಕ್ಕಜಾಜೂರು ಜಂಕ್ಷನ್ನಿಗೆ ಬಂದು ನಿಲ್ಲುವಷ್ಟರಲ್ಲಿ ಬೀಬಿ ಜಾನ್ ಅವರ ಅಂಟು ಕುದ್ದಿರುತ್ತದೆ. ಸ್ಟೇಷನ್ ರಸ್ತೆಯಲ್ಲಿ ಹೆಂಚಿನ ಮಳಿಗೆ, ಒಳಗೊಂದು ಚಾಪೆ, ಗೋಡೆಯುದ್ದಕ್ಕೂ ಮಡಿಸಿಟ್ಟ ಕಾಗದ. ಹುಳ ಹಿಡಿಯದಿರಲೆಂದು ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ, ಗಂಟಾಗದಂತೆ ತಿರುವುತ್ತಾ ಕೂತವರನ್ನು ಕಂಡರೆ ಗಂಜಿ ಕಾಯಿಸುತ್ತಿದ್ದಾರೆ ಅನ್ನಬೇಕು. ರೈಲ್ವೆ ಗ್ಯಾಂಗಿನವನೊಬ್ಬ ಹಾಗೆಂದುಕೊಂಡೇ ಒಂದು ಲೋಟ ಕೇಳಿದ್ದನಂತೆ. ಅವನನ್ನು ಕೂರಿಸಿ ಚಹಾ ತರಿಸಿಕೊಟ್ಟ ಕಥೆಯನ್ನು ಬೀಬಿ ಜಾನ್ ಇವತ್ತಿಗೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಹೇಳುತ್ತಾರೆ.

ಅರವತ್ತೊಂದರ ಬೀಬಿ ಜಾನ್ ‘ಅರವಟಿಗೆ ಪ್ರಕಾಶನ’ದ ಪುಸ್ತಕಗಳನ್ನು ಕೈಯಲ್ಲಿ ಹೊಲಿಯುವವರು. ನಿವೃತ್ತ ಮೇಷ್ಟ್ರು ಪರಮೇಶ್ವರಪ್ಪ ನಡೆಸುವ ಪುಟ್ಟ ಪ್ರಕಾಶನವದು. ಜಗಳ ಬಿಡಿಸಿದ ಊರುಗಳ ಕಥೆ, ಹಟ್ಟಿಗಳ ಪದ, ಸೂಫಿಗಳ ಮಾತು, ಅನುಭಾವಿಗಳ ತತ್ವಪದ, ಹೀಗೆ ದೊಡ್ಡ ಪ್ರಕಾಶಕರು ಮೂಸಿಯೂ ನೋಡದ ಸಂಗತಿಗಳೇ ಇಲ್ಲಿ ಪುಸ್ತಕವಾಗುತ್ತವೆ. ಇಪ್ಪತ್ತೆರಡು ವರ್ಷಕ್ಕೆ ಮೂವತ್ತೆರಡು ಪುಸ್ತಕ, ಒಂದೊಂದೂ ಮುನ್ನೂರು ಪ್ರತಿ. ಚಿತ್ರದುರ್ಗದಲ್ಲಿ ಅಚ್ಚಾಗಿ ಬಂದ ಕಾಗದ ಇಲ್ಲಿ ಪುಸ್ತಕವಾಗಿ ಏಳುತ್ತದೆ. ದಿನಕ್ಕೆ ಇಪ್ಪತ್ತೈದು ಪುಸ್ತಕ ಹೊಲಿದರೆ ಬೀಬಿ ಜಾನ್ ಅವರ ಪಾಲಿಗೆ ಅದು ಒಳ್ಳೆಯ ದಿನ.

ಕೆಲಸ ಕಲಿಸಿದವರು ತಂದೆ ಉಸ್ಮಾನ್ ಸಾಬ್. ಹೊಳಲ್ಕೆರೆಯ ಶಾಲೆಗಳ ಹಾಜರಿ ಪುಸ್ತಕಕ್ಕೆಲ್ಲ ಅವರದೇ ರಟ್ಟು. ಗಂಡ ತೀರಿಕೊಂಡಾಗ ಬೀಬಿ ಜಾನ್‌ಗೆ ಇಪ್ಪತ್ತೊಂಬತ್ತು, ಮಗಳು ಮದೀಹಾ ಇನ್ನೂ ತೊಟ್ಟಿಲಲ್ಲಿ. ಹೆಂಗಸಿನ ಕೈಗೆ ದಬ್ಬಣ ಯಾಕೆಂದು ಓಣಿಯವರು ಮೂಗು ಮುರಿದರು. ಉಸ್ಮಾನ್ ಸಾಬ್ ಉತ್ತರ ಕೊಡಲಿಲ್ಲ, ದಬ್ಬಣ ಕೊಟ್ಟರು. ಮಗಳಿಗೆ ಅವರು ಬಿಟ್ಟುಹೋದ ಇನ್ನೊಂದು ಆಸ್ತಿಯೆಂದರೆ ಕೈಯಾರೆ ಕೆತ್ತಿದ ಮರದ ಅಚ್ಚು. ಕತ್ತೆತ್ತಿ ಕೂಗುವ ಹುಂಜ. ಬೆಳಕಾಯಿತು ಏಳಿರಪ್ಪಾ ಎಂದು ಎಲ್ಲ ಜಾತಿಯವರನ್ನೂ ಒಂದೇ ದನಿಯಲ್ಲಿ ಎಬ್ಬಿಸುವ ಪ್ರಾಣಿ ಅಂತ ಮೇಷ್ಟ್ರಿಗೂ ಅದರ ಮೇಲೆ ಅಕ್ಕರೆ. ಮೊದಲ ಪುಸ್ತಕದಿಂದಲೂ ಕೊನೆಯ ಪುಟದ ಕೆಳಗೆ ಆ ಹುಂಜ ಇರಲೇಬೇಕು.

ಅದೇ ಹುಂಜ ಹೋದ ವರ್ಷ ಮೇಷ್ಟ್ರ ಎದೆಯೊಡೆಯುವ ಹಾಗೆ ಮಾಡಿತು.

ಹಿರಿಯೂರು ಕಡೆಯ ಮ್ಯಾಸ ನಾಯಕರ ಹಟ್ಟಿಯ ಹಿರಿಯ ದೊಡ್ಡತಿಮ್ಮಪ್ಪನವರಿಗೆ ಎಂಬತ್ತನಾಲ್ಕು. ಅವರು ಹಾಡಿದ ಪದಗಳನ್ನು ಮೇಷ್ಟ್ರು ಎರಡು ವರ್ಷ ಕೂತು ಬರೆದುಕೊಂಡಿದ್ದರು. ಅಜ್ಜನ ಆಸೆ ಒಂದೇ: ತಾನು ಕಣ್ಣು ಮುಚ್ಚುವ ಮೊದಲು ಆ ಪುಸ್ತಕ ಹಟ್ಟಿಯ ದೇವರ ಪೆಟ್ಟಿಗೆಯ ಪಕ್ಕದಲ್ಲಿ ಕೂರಬೇಕು. ದಿನವೂ ಗೊತ್ತಾಗಿತ್ತು. ಅದಕ್ಕೆ ಹತ್ತು ದಿನ ಬಾಕಿ ಇದ್ದಾಗ ಬೀಬಿ ಜಾನ್ ಇನ್ನೂರ ಇಪ್ಪತ್ತು ಪ್ರತಿ ಹೊಲಿದು ಮುಗಿಸಿದ್ದರು.

ಇಲ್ಲೊಂದು ಮಾತು ಹೇಳಬೇಕು. ಹದಿನಾರು ಪುಟದ ಒಂದೊಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಸೂಜಿ ಇಳಿಯುವುದು ಫಾರಂನ ನಟ್ಟನಡುವೆ. ನಾಲ್ಕನೇ ಕ್ಲಾಸು ಓದಿದ ಬೀಬಿ ಜಾನ್ ಹೊಲಿಯುತ್ತಾ ಹೊಲಿಯುತ್ತಾ ಕಣ್ಣಿಗೆ ಬಿದ್ದ ಆ ನಡುಪುಟವನ್ನಷ್ಟೇ ಓದಿಕೊಳ್ಳುತ್ತಾರೆ. ‘‘ಎಲ್ಲಾ ಪುಸ್ತಕದ ಹೊಟ್ಟೆ ಗೊತ್ತೈತ್ರಿ ನಂಗೆ. ತಲೆ, ಬಾಲ ಮೇಷ್ಟ್ರನ್ನ ಕೇಳ್ರಿ’’ ಎನ್ನುತ್ತಾರೆ. ಆದರೆ ಆ ಸಲ ಕನ್ನಡಕ ಒಡೆದಿತ್ತು. ಅಷ್ಟೂ ಪ್ರತಿಯನ್ನು ಬೆರಳ ತುದಿಯ ಅಂದಾಜಿನಲ್ಲೇ ಹೊಲಿದಿದ್ದರು.

ಶುಕ್ರವಾರ ಹೊಳಲ್ಕೆರೆಯಿಂದ ಹೊಸ ಕನ್ನಡಕ ಬಂತು. ಹಾಕಿಕೊಂಡು, ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ಸೂಜಿಯ ಕೆಳಗಿದ್ದ ಪುಟವನ್ನೇ ಓದಿದರು. ಅಲ್ಲಿ ದೊಡ್ಡತಿಮ್ಮಪ್ಪನವರು ಹಟ್ಟಿಯ ಕಟ್ಟಳೆ ಹೇಳಿದ್ದರು: ನಮ್ಮ ಹಟ್ಟಿಗೆ ಕೋಳಿ ಬರುವಂತಿಲ್ಲ, ಸಾಕುವಂತಿಲ್ಲ, ತಿನ್ನುವಂತಿಲ್ಲ, ದೇವರ ಹತ್ತಿರಕ್ಕಂತೂ ಸುಳಿಯುವಂತಿಲ್ಲ. ಬೀಬಿ ಜಾನ್ ಮೆಲ್ಲಗೆ ಕೊನೆಯ ಪುಟ ತಿರುವಿದರು. ಅಬ್ಬಾ ಕೆತ್ತಿದ ಹುಂಜ ಕತ್ತೆತ್ತಿ ನಿಂತಿತ್ತು.

ಆ ಕಟ್ಟಳೆಯನ್ನು ಕೇಳಿ ಬರೆದುಕೊಂಡವರೇ ಮೇಷ್ಟ್ರು, ಕರಡು ತಿದ್ದಿದವರೂ ಅವರೇ. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ ತಾನೆ! ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಒಂದು ಉಪಾಯ ಹೇಳಿದರು: ಹುಂಜದ ಮೇಲೆ ಬಿಳಿ ಚೀಟಿ ಅಂಟಿಸಿಬಿಡೋಣ, ಯಾರಿಗೂ ಕಾಣುವುದಿಲ್ಲ.

ಬೀಬಿ ಜಾನ್ ಒಪ್ಪಲಿಲ್ಲ. ‘‘ಮುಚ್ಚಿದ್ರೆ ಹುಂಜ ಎಲ್ಲಿಗೋಗ್ತೈತ್ರಿ ಮೇಷ್ಟ್ರೇ? ಅಡಿಯಾಗೆ ಇರ್ತೈತೆ. ಆ ಅಜ್ಜ ಅದನ್ನ ತಲಿ ಮ್ಯಾಲೆ ಹೊತ್ಕಂಡು ದೇವರತ್ರ ಹೋಗ್ತಾರೆ. ಅವರಿಗೆ ಗೊತ್ತಾಗಲ್ಲ, ನಮಗೆ ಗೊತ್ತಿರ್ತೈತಲ್ಲ.’’

ಕೊನೆಯ ಫಾರಂ ಹುಂಜವಿಲ್ಲದೆ ಮತ್ತೆ ಅಚ್ಚಾಗಿ ಬಂತು. ತಾವೇ ಹಾಕಿದ ಹೊಲಿಗೆಯನ್ನು ತಾವೇ ಬಿಚ್ಚಿ, ಹಳೆಯ ಫಾರಂ ತೆಗೆದು, ಹೊಸದನ್ನು ಕೂರಿಸಿ ಹೊಲಿಯತೊಡಗಿದರು ಬೀಬಿ ಜಾನ್. ಉಳಿದ ಎಂಬತ್ತು ಪ್ರತಿ ಬೇರೆ. ತಪ್ಪು ತಮ್ಮದೆಂದು ಮೇಷ್ಟ್ರು ಪಂಚೆ ಎತ್ತಿಕಟ್ಟಿ ರಟ್ಟು ಅಂಟಿಸಲು ಕೂತರು. ಅವರು ಚಹಾಕ್ಕೆ ಹೋದಾಗ, ಸೊಟ್ಟಗೆ ಅಂಟಿಸಿದ್ದನ್ನೆಲ್ಲ ಬೀಬಿ ಜಾನ್ ಕಿತ್ತು ನೆಟ್ಟಗೆ ಮಾಡುತ್ತಿದ್ದರು. ಮೇಷ್ಟ್ರಿಗೆ ಇದು ಇವತ್ತಿಗೂ ಗೊತ್ತಿಲ್ಲ, ಈ ವಾರದ ಪುರವಣಿಯಲ್ಲಿ ಈ ಬರಹ ಓದಿದರೆ ಗೊತ್ತಾಗುತ್ತದೆ.

ಹಗಲು ರಾತ್ರಿ ಕೂತದ್ದಕ್ಕೆ ಒಂಬತ್ತನೇ ದಿನ ಮುನ್ನೂರೂ ಮುಗಿದವು. ಅದುವರೆಗಿನ ಮೂವತ್ತೊಂದು ಪುಸ್ತಕದಲ್ಲಿ ಒಂದರ ಬಿಡುಗಡೆಗೂ ಹೋಗದ ಬೀಬಿ ಜಾನ್ ಈ ಸಲ ಹೊರಟರು. ಹಟ್ಟಿಯ ಮುಳ್ಳುಬೇಲಿಯ ಆಚೆ ಚಪ್ಪಲಿ ಬಿಟ್ಟು, ಪುಸ್ತಕದ ಗಂಟು ಎದೆಗವಚಿಕೊಂಡು ನಿಂತರು. ಒಳಗೆ ಕಾಲಿಡುವ ಮೊದಲೇ ದೊಡ್ಡತಿಮ್ಮಪ್ಪನವರಿಗೆ ಎಲ್ಲವನ್ನೂ ಹೇಳಿಬಿಟ್ಟರು. ಹುಂಜ ಇದ್ದದ್ದು, ತಾನು ಕಂಡದ್ದು, ಬಿಚ್ಚಿದ್ದು, ಹೊಲಿದದ್ದು. ಕೊನೆಯ ಪುಟ ತೆಗೆದು ಖಾಲಿ ಜಾಗವನ್ನೂ ತೋರಿಸಿದರು.

ಅಜ್ಜ ಆ ಬಿಳಿ ಜಾಗವನ್ನು ಬೆರಳಲ್ಲಿ ಸವರಿದರು. ‘‘ನಿಮ್ಮಪ್ಪ ಕೆತ್ತಿದ್ದಾ ತಾಯಿ?’’ ಎಂದರು. ಹೌದೆಂದಾಗ, ‘‘ನಮಿಗೋಸ್ಕರ ನಿಮ್ಮಪ್ಪನ್ನ ಬಾಗಿಲಾಚೆ ನಿಲ್ಸಿ ಬಂದೀಯ. ನೀನು ಒಳಿಕ್ಕೆ ಬಾ’’ ಎಂದು ತಾವೇ ಕೈ ಹಿಡಿದು ಕರೆದೊಯ್ದರು. ಪುಸ್ತಕ ಪೆಟ್ಟಿಗೆಯ ಪಕ್ಕ ಕೂತಿತು. ಉರುಮೆ ಬಡಿದರು. ಹೆಂಗಸರೆಲ್ಲ ಪದ ಎತ್ತಿಕೊಂಡಾಗ, ಹೊಲಿಯುವಾಗ ಓದಿದ್ದ ನಡುಪುಟದ ಸಾಲು ಬಂದಲ್ಲೆಲ್ಲ ಬೀಬಿ ಜಾನ್ ಕೂಡ ದನಿಗೂಡಿಸಿದರು. ಅಷ್ಟು ಸಂತೋಷ ತಮಗೆ ಮಗಳ ಮದುವೆಯಲ್ಲೂ ಆಗಿರಲಿಲ್ಲವೆಂದು ಅವರು ಹೇಳಿದರೆ ಮದೀಹಾ ಸುಳ್ಳುಸುಳ್ಳೇ ಮುನಿಸಿಕೊಳ್ಳುತ್ತಾಳೆ.

ಈಗ ಚಾಪೆಯ ಮೇಲೆ ಮೂವತ್ಮೂರನೇ ಪುಸ್ತಕದ ಫಾರಂಗಳಿವೆ, ಕೊನೆಯ ಪುಟದಲ್ಲಿ ಹುಂಜ ಮರಳಿ ಬಂದಿದೆ. ಇಷ್ಟು ವರ್ಷದಲ್ಲಿ ಯಾವ ಪುಸ್ತಕದಲ್ಲೂ ಬೀಬಿ ಜಾನ್ ಅವರ ಹೆಸರು ಅಚ್ಚಾಗಿಲ್ಲ. ಈ ಸಲವಾದರೂ ಹಾಕುತ್ತೇನೆಂದು ಮೇಷ್ಟ್ರು ಹಟ ಹಿಡಿದಿದ್ದಾರೆ, ಇವರು ಬೇಡವೆನ್ನುತ್ತಿದ್ದಾರೆ. ಕಾರಣ ಕೇಳಿದರೆ ನೂಲಿಗೆ ಮೇಣ ಸವರುತ್ತಾ ಹಟ್ಟಿಯ ಸುದ್ದಿ ತೆಗೆಯುತ್ತಾರೆ. ಓದುಬರಹ ಬಾರದ ದೊಡ್ಡತಿಮ್ಮಪ್ಪನವರು ಹಟ್ಟಿಗೆ ಯಾರು ಬಂದರೂ ಪುಸ್ತಕದ ಕೊನೆಯ ಪುಟವನ್ನೇ ಮೊದಲು ತೆಗೆದು, ಖಾಲಿ ಜಾಗದ ಮೇಲೆ ಬೆರಳಿಟ್ಟು, ಇಲ್ಲೊಂದು ಹುಂಜ ಇತ್ತು, ಚಿಕ್ಕಜಾಜೂರಿನ ಬೀಬಿ ಜಾನ್ ಬಿಚ್ಚಿ ತೆಗೆದಳು ಎಂದು ಹೇಳಿಯೇ ಮುಂದಿನ ಮಾತಂತೆ.

‘‘ಅಲ್ಲೇ ಐತಲ್ರಿ ನನ್ ಹೆಸ್ರು’’ ಎಂದು ಬೀಬಿ ಜಾನ್ ಸೂಜಿಗೆ ನೂಲು ಪೋಣಿಸುತ್ತಾರೆ. ‘‘ಓದಾಕೆ ಬರದೋರೂ ಓದ್ತಾರೆ.’’