ಬಾಗಲಕೋಟೆಯಲ್ಲಿ ನಾನು ಚಾಡ್ ದೇಶವಾಗಿದ್ದ ದಿನ

ಎಂಬತ್ತೆರಡೋ ಎಂಬತ್ಮೂರೋ, ಚಳಿಗಾಲವಂತೂ ಹೌದು. ನಾನಾಗ ಗುಳೇದಗುಡ್ಡದಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದೆ. ಬಾಗಲಕೋಟೆಯ ಕಾಲೇಜೊಂದರಲ್ಲಿ ಹೈಸ್ಕೂಲು ಮಕ್ಕಳಿಗಾಗಿ ‘ಅಣಕು ವಿಶ್ವಸಂಸ್ಥೆ’ ನಡೆಯಲಿದೆ, ಪ್ರತಿ ಶಾಲೆಯಿಂದ ಇಬ್ಬರು ಬಂದು ಒಂದೊಂದು ದೇಶದ ಪರವಾಗಿ ಮಾತಾಡಬೇಕು ಎಂದು ನಮ್ಮ ಶಾಲೆಗೆ ಪತ್ರ ಬಂತು. ಭೂಗೋಳ ಕಲಿಸುತ್ತಿದ್ದ ಹೊಸಮನಿ ಸರ್ ನನ್ನನ್ನೂ ನನ್ನ ಗೆಳತಿ ಮೆಹರುನ್ನಿಸಾಳನ್ನೂ ಆರಿಸಿದರು. ನಮ್ಮ ಪಾಲಿಗೆ ಬಂದ ದೇಶ ಚಾಡ್.

“ಚಾಡ್ ಅಂದ್ರ ಚಾಡಿ ಹೇಳೋರ ದೇಶ ಏನ್ರಿ ಸರ್?” ಎಂದು ಹಿಂದಿನ ಬೆಂಚಿನ ಹುಡುಗರು ನಕ್ಕರು.

ಸರ್ ಗೋಡೆಯ ನಕಾಶೆಯಲ್ಲಿ ಆಫ್ರಿಕಾದ ನಡುಮಧ್ಯೆ ಬೆರಳಿಟ್ಟರು. “ಇಲ್ನೋಡ್ರಿ. ಸುತ್ತಲೂ ಬ್ಯಾರೆ ದೇಶ. ಈ ದೇಶಕ್ಕ ಸಮುದ್ರನ ಇಲ್ಲ. ಹಡಗಿಗೆ ಮಾಲು ಹಾಕಬೇಕಂದ್ರ ಬ್ಯಾರೆ ಮಂದಿ ನೆಲಾ ದಾಟೇ ಹೋಗಬೇಕು.” ಚರ್ಚೆಯ ವಿಷಯವೂ ಅದೇ ಆಗಿತ್ತು: ಸಮುದ್ರವಿಲ್ಲದ ದೇಶಗಳಿಗೆ ನೆರೆಯ ದೇಶಗಳು ದಾರಿ ಕೊಡಬೇಕೋ ಬೇಡವೋ.

ಸರ್ ಎರಡು ಪುಟದ ಭಾಷಣ ಬರೆದುಕೊಟ್ಟರು. ಭಾರಿ ಭಾರಿ ಶಬ್ದಗಳು. ಮನೆಯಲ್ಲಿ ಅಪ್ಪನ ಮಗ್ಗದ ಸಪ್ಪಳದಲ್ಲೇ ಕೂತು ಹದಿನೈದು ದಿನ ಬಾಯಿಪಾಠ ಮಾಡಿದೆ. “ಅಲ್ಲಿ ಮನಿ ಮಾತು ಆಡಬ್ಯಾಡವಾ, ಶುದ್ಧ ಕನ್ನಡ ಇರಲಿ” ಎಂದು ಸರ್ ಬಸ್ಸಿನಲ್ಲೂ ಎಚ್ಚರಿಸಿದ್ದರು.

ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ನಾನು, ಮೆಹರುನ್ ಇಬ್ಬರೂ ಕೈ ಕೈ ಹಿಡಿದು ನಿಂತುಬಿಟ್ಟೆವು. ಅಷ್ಟು ದೊಡ್ಡ ಕೋಣೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಾಲು ಮೇಜುಗಳು, ಪ್ರತಿ ಮೇಜಿನ ಮೇಲೆ ರಟ್ಟಿನ ಫಲಕ. ಬ್ರೆಜಿಲ್, ಜಪಾನ್, ಈಜಿಪ್ಟ್. ಹುನಗುಂದ, ಇಳಕಲ್, ಬಾದಾಮಿ, ಕಮತಗಿಯ ಹುಡುಗ ಹುಡುಗಿಯರು ಅವುಗಳ ಹಿಂದೆ ಗಂಭೀರವಾಗಿ ಕೂತಿದ್ದರು. ಇಡೀ ಜಗತ್ತು ನಮಗಿಂತ ಮೊದಲೇ ಬಂದು ಕೂತುಬಿಟ್ಟಿದೆ ಅನ್ನಿಸಿತು.

ಅಧ್ಯಕ್ಷರಾಗಿದ್ದವರು ವಯಸ್ಸಾದ ಪ್ರಾಧ್ಯಾಪಕರು. ನಾವೆಲ್ಲ ಹೊಸಬರೆಂದು ಮೊದಲು ನಿಯಮ ಹೇಳಿಕೊಟ್ಟರು. “ಇಲ್ಲಿ ‘ನಾನು’ ಅನ್ನಂಗಿಲ್ಲ, ‘ನಮ್ಮ ದೇಶ’ ಅನ್ನಬೇಕು. ಪ್ರಶ್ನೆ ಕೇಳಿದ್ರ ಸಿಟ್ಟಿಗೇಳಂಗಿಲ್ಲ, ಖರೇ ಉತ್ತರ ಕೊಡಬೇಕು. ಬಹುಮಾನ ಇಲ್ಲ. ಒಬ್ಬರನ್ನೊಬ್ಬರು ಒಪ್ಪಸೋದ ಇಲ್ಲಿಯ ಕೆಲಸ.”

ಮಧ್ಯಾಹ್ನದ ಊಟವಾದ ಮೇಲೆ ಚಾಡ್ ದೇಶವನ್ನು ಕರೆದರು. ಎದ್ದು ನಿಂತೆ. “ಮಾನ್ಯ ಅಧ್ಯಕ್ಷರೇ” ಅಂದೆ. ಮುಂದಿನದು ಬರಲಿಲ್ಲ. ಎರಡು ಪುಟವೂ ತಲೆಯಿಂದ ಹಾರಿಹೋಗಿತ್ತು. ಭಾಷಣದ ಹಾಳೆ ಹೊಸಮನಿ ಸರ್ ಜೇಬಿನಲ್ಲಿತ್ತು, ಅವರು ಕಟ್ಟಕಡೆಯ ಸಾಲಿನಲ್ಲಿದ್ದರು. ಯಾರೋ ಕಿಸಕ್ಕೆಂದರು. ಮೆಹರುನ್ ನನ್ನ ಲಂಗ ಜಗ್ಗಿ, “ಏನರ ಹೇಳ, ನಿಂದ ನೀ ಹೇಳ” ಎಂದು ಪಿಸುಗುಟ್ಟಿದಳು.

ಹೇಗೆ ಬಾಯಿ ತೆರೆಯಿತೋ ಗೊತ್ತಿಲ್ಲ.

“ನಮ್ಮ ದೇಶದ ಮುಂದ ಇನ್ನೊಂದು ದೇಶ ಐತ್ರಿ. ಅವರ ಪಡಸಾಲಿ ದಾಟೇ ನಾವು ಓಣಿಗೆ ಬರಬೇಕು.”

ಪಡಸಾಲೆ ಅಂದದ್ದಕ್ಕೆ ಎಲ್ಲರೂ ನಕ್ಕರು. ನಾನು ನಿಲ್ಲಿಸಲಿಲ್ಲ. “ಎರಡೂ ದೇಶದ ದೊರಿಗಳು ಅಣ್ಣತಮ್ಮರು. ಹೋದ ವರ್ಷ ಮಾತಿಗೆ ಮಾತು ಬೆಳದು ಮುಂದಿನ ದೇಶದವರು ಬಾಗಲಾ ಹಾಕ್ಕೊಂಡ್ರು. ಅವತ್ತಿಂದ ನಾವು ನೇಯ್ದ ಕುಪ್ಪಸದ ಖಣದ ಗಂಟು ಹಿಂದಿನ ಗ್ವಾಡಿಗೆ ನಿಚ್ಚಣಿಕಿ ಹಚ್ಚಿ ಇಳಸ್ತೇವ್ರಿ. ನಮ್ಮ ದೇಶದ ಮುದುಕಿಗೆ ಜಡ್ಡಾದಾಗ ಆಕಿನ್ನೂ ಕೌದಿಯೊಳಗ ಕಟ್ಟಿ ಹಂಗ ಇಳಿಸಿ ದವಾಖಾನಿಗೆ ಒಯ್ದ್ರು. ಆಕಿ ಮುಂದಿನ ದೇಶದವರಿಗೂ ತಾಯೀನ. ದಾರಿ ಇಲ್ಲಂದ್ರ ಹೆಂಗಿರತೈತಿ ಅಂತ ನಮ್ಮ ದೇಶಕ್ಕ ಗೊತ್ತೈತ್ರಿ.”

ನಗು ಯಾವಾಗ ನಿಂತಿತ್ತೋ ತಿಳಿಯಲಿಲ್ಲ. ಆಗ ನನಗೆ ಎಚ್ಚರವಾಯಿತು. ಅಪ್ಪನಿಗೂ ಮುಂದಿನ ಮನೆಯ ದೊಡ್ಡಪ್ಪನಿಗೂ ಇದ್ದ ಜಗಳವನ್ನು ಊರಮುಂದೆ ಹರವಿಬಿಟ್ಟಿದ್ದೆ. ಅಪ್ಪನಿಗೆ ತಿಳಿದರೆ ಶಾಲೆ ಬಿಡಿಸುವುದು ಖಾತ್ರಿ.

ಕ್ಯಾಮರೂನ್ ಫಲಕ ಮೇಲೆದ್ದಿತು. ಅದು ನಕಾಶೆಯಲ್ಲಿ ನಮಗೂ ಸಮುದ್ರಕ್ಕೂ ನಡುವೆ ಇರುವ ದೇಶ. ಹುನಗುಂದದ ಕಡೆಯ ತೆಳ್ಳನೆಯ ಹುಡುಗನೊಬ್ಬ ಎದ್ದ. ದಾರಿ ಕೊಡಬಾರದು ಎಂದು ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ವಾದಿಸಿದವನು ಅವನೇ. ಈಗ ದನಿ ತಗ್ಗಿಸಿ ಕೇಳಿದ:

“ಚಾಡ್ ದೇಶದವರಿಗೆ ಒಂದು ಪ್ರಶ್ನೆ. ಮುದುಕಿಗೆ ಜಡ್ಡಾದ ದಿನ ನೀವು ಮುಂದಿನ ದೇಶದ ಬಾಗಲಾ ಬಡದಿದ್ರೇನು?”

 ಅಜ್ಜಿಗೆ ಜಡ್ಡಾದ ದಿನ ಅವ್ವ “ಒಂದು ಮಾತು ಕೇಳಿ ನೋಡ್ರಿ” ಎಂದು ಅತ್ತಿದ್ದಳು. ಅಪ್ಪ ಹಲ್ಲು ಕಚ್ಚಿಕೊಂಡು ನಿಚ್ಚಣಿಕೆ ಹೊತ್ತು ತಂದಿದ್ದ. ದೊಡ್ಡಪ್ಪ ಬಾಗಿಲು ತೆಗೆಯಲಿಲ್ಲ ಎಂದೇ ನಾನು ಒಂದು ವರ್ಷ ಅವರನ್ನು ದ್ವೇಷಿಸಿದ್ದೆ. ಖರೇ ಉತ್ತರ ಕೊಡಬೇಕು ಎಂದು ಅಧ್ಯಕ್ಷರು ಹೇಳಿದ್ದರಲ್ಲ.

“ಇಲ್ರಿ,” ಅಂದೆ. “ನಾವು ಬಡೀಲಿಲ್ಲ.”

 ಹುಡುಗ ಕೈಯಲ್ಲಿದ್ದ ಭಾಷಣದ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟು, “ಹಂಗಾರ ಈಗ ಬಡೀರಿ. ನಮ್ಮ ದೇಶ ತೆಗೀತೈತಿ” ಅಂದ.

ಮತಕ್ಕೆ ಹಾಕಿದಾಗ ಫಲಕಗಳು ಒಂದೊಂದಾಗಿ ಮೇಲೆದ್ದವು. ಮೂರೋ ನಾಲ್ಕೋ ದೇಶಗಳು ಬಿಟ್ಟು ಉಳಿದ ಜಗತ್ತೆಲ್ಲ ದಾರಿ ಕೊಡಲು ಒಪ್ಪಿತ್ತು. ಅಧ್ಯಕ್ಷರು ನಮ್ಮನ್ನೆಲ್ಲ ನೋಡಿ, “ನಿಮ್ಮೊಳಗ ಖರೇನ ಸಮುದ್ರ ನೋಡಿದವರು ಎಷ್ಟು ಮಂದಿ ಅದೀರಿ?” ಎಂದು ಕೇಳಿದರು. ಇಳಕಲ್ಲಿನ ಒಬ್ಬಳೇ ಒಬ್ಬ ಹುಡುಗಿ ಕೈ ಎತ್ತಿದಳು. “ನೋಡಲಾರದ ಸಮುದ್ರಾನ ಹಂಚಿಕೊಂಡ್ರಲ್ಲೋ!” ಎಂದರು ಅವರು. 

ಬಸ್‌ಸ್ಟ್ಯಾಂಡಿನಲ್ಲಿ ಹೊಸಮನಿ ಸರ್ ನಮ್ಮಿಬ್ಬರಿಗೂ ಚುರಮರಿ ಕೊಡಿಸಿದರು. ತಮ್ಮ ಭಾಷಣದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹಿಂದಿನ ಗೋಡೆಯ ಕಡೆ ಹೊರಟವಳು ಓಣಿಯಲ್ಲೇ ನಿಂತೆ.  ದೊಡ್ಡಪ್ಪನ ಬಾಗಿಲಿನ ಚಿಲಕ ಹಿಡಿದು ಎರಡು ಸಲ ಬಡಿದೆ. ದೊಡ್ಡವ್ವ ತೆಗೆದಳು. ನನ್ನನ್ನು ನೋಡಿ ಬದಿಗೆ ಸರಿದಳು. ಪಡಸಾಲೆಯಲ್ಲಿ ಕೂತಿದ್ದ ದೊಡ್ಡಪ್ಪ ಮುಖ ಎತ್ತದೆ ಕೇಳಿದರು, “ನಿಮ್ಮಜ್ಜಿ ಹೆಂಗದಾಳವಾ?”

“ಅರಾಮ ಅದಾಳ್ರಿ. ನಿಮ್ಮನ್ನ ಕೇಳತಿರತಾಳ.”

ಅವರು ಎದ್ದು, ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ನನ್ನ ಹಿಂದೆಯೇ ನಮ್ಮ ಮನೆಯೊಳಗೆ ನಡೆದು ಬಂದರು. ಅಪ್ಪ ಮಗ್ಗ ನಿಲ್ಲಿಸಿದ. ಅಣ್ಣತಮ್ಮರು ಅವತ್ತು ನಾಲ್ಕು ಮಾತೂ ಆಡಲಿಲ್ಲ. ಜಗಳ ಪೂರ್ತಿ ತೀರಲು ಇನ್ನೂ ಕೆಲವು ವರ್ಷ ಹಿಡಿಯಿತು. ಆದರೆ ಅಜ್ಜಿ ಹಿರಿಮಗನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಆ ಕ್ಯಾಮರೂನ್ ಹುಡುಗನ ಹೆಸರು ನಾನು ಕೇಳಿಕೊಳ್ಳಲಿಲ್ಲ. ಈಗ ಅವನಿಗೂ ಮೊಮ್ಮಕ್ಕಳಿರಬಹುದು. ಅವತ್ತು ಸಂಜೆ ಗುಳೇದಗುಡ್ಡದ ಒಂದು ಓಣಿಯಲ್ಲಿ ತನ್ನ ಪ್ರಶ್ನೆ ಏನು ಮಾಡಿತು ಎಂಬುದು ಅವನಿಗೆ ಗೊತ್ತೇ ಇಲ್ಲ. ಇದನ್ನು ಓದಿ ಅವನಿಗೆ ತಿಳಿದರೆ ಸಾಕು.